ಮರಳಿ ಕಾಲೇಜಿಗೆ ಬಂದವರು: ವಯಸ್ಕ ವಿದ್ಯಾರ್ಥಿಗಳ ಚರಿತ್ರೆಯ ಮೂರು ಘಟ್ಟಗಳು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ನಮ್ಮಲ್ಲಿ ಪ್ರಸಿದ್ಧವಾದುದು. ವಿದ್ಯೆಗೆ ಬಾಲ್ಯ ತಾರುಣ್ಯಗಳೇ ತಕ್ಕ ಕಾಲವೆಂದೂ, ಅದು ಕಳೆದ ಮೇಲೆ ಕಲಿಯಹೊರಟವರ ಶ್ರಮ ಬಹುಮಟ್ಟಿಗೆ ವ್ಯರ್ಥವೆಂದೂ ನಂಬುವವರು ಈ ಗಾದೆಯನ್ನು ಆಧಾರವಾಗಿ ಹಿಡಿಯುವುದುಂಟು. ಇದಕ್ಕೆ ಪ್ರತಿಯಾಗಿ, ಮನಸ್ಸಿದ್ದರೆ ಮಾರ್ಗವೆಂದು ಹೇಳಿ ಎಲ್ಲವನ್ನೂ ವ್ಯಕ್ತಿಯ ಛಲಕ್ಕೆ ಬಿಟ್ಟುಬಿಡುವವರೂ ಉಂಟು. ವಯಸ್ಸು ಮೀರಿದ ಮೇಲೆ ಕಾಲೇಜಿಗೆ ಮರಳಿದವರ ಚರಿತ್ರೆಯನ್ನು ಅವಲೋಕಿಸಿದರೆ ಈ ಎರಡು ಮಾತುಗಳೂ ಪೂರ್ಣಸತ್ಯವಲ್ಲವೆಂದು ತೋರುತ್ತದೆ. ಅಮೆರಿಕ, ಬ್ರಿಟನ್ ಮತ್ತು ಮೈಸೂರುಗಳಲ್ಲಿ ಕಳೆದ ಶತಮಾನದಲ್ಲಿ ನಡೆದ ಮೂರು ಪ್ರಯೋಗಗಳನ್ನು ಆರಿಸಿಕೊಂಡು ಈ ವಿಷಯವನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲನೆಯದು ಅಮೆರಿಕದ ಪ್ರಯೋಗ. ಎರಡನೆಯ ಮಹಾಯುದ್ಧದಿಂದ ಹಿಂದಿರುಗುವ ಸೈನಿಕರ ಪುನರ್ವಸತಿಗಾಗಿ ರಚಿತವಾದ ಶಾಸನಕ್ಕೆ ಅಧ್ಯಕ್ಷ ರೂಸ್‌ವೆಲ್ಟರು 1944ರ ಜೂನ್ 22ರಂದು ಸಹಿ ಹಾಕಿದರು. ಕಾಲೇಜು ಸೇರಿದ ಸೈನಿಕನ ಪರವಾಗಿ ವರ್ಷಕ್ಕೆ 500 ಡಾಲರುಗಳವರೆಗೆ ಶುಲ್ಕವನ್ನು ಸರ್ಕಾರವೇ ತೆರುವುದೆಂದೂ, ಜೀವನನಿರ್ವಹಣೆಗೆ ಮಾಸಿಕ ವೇತನವನ್ನು ಕೊಡುವುದೆಂದೂ ಅದರಲ್ಲಿ ನಿಗದಿಯಾಗಿತ್ತು. ಆದರೆ ಇದರಲ್ಲಿಯೂ ವಯಸ್ಸಿನ ಗೆರೆಯೊಂದು ಇದ್ದುದನ್ನು ಗಮನಿಸಬೇಕು. ಸೈನ್ಯಕ್ಕೆ ಸೇರುವಾಗ 25 ವರ್ಷ ದಾಟದಿದ್ದವರ ವಿದ್ಯಾಭ್ಯಾಸ ಮಾತ್ರ ಯುದ್ಧದಿಂದ ಕೆಟ್ಟಿತೆಂದು ಶಾಸನ ತಾನಾಗಿ ಒಪ್ಪುತ್ತಿತ್ತು. ಅದಕ್ಕೆ ಮೇಲ್ಪಟ್ಟವರು ಅದನ್ನು ತಾವೇ ಸ್ಥಾಪಿಸಬೇಕಾಗಿತ್ತು. 1945ರ ಡಿಸೆಂಬರಿನ ತಿದ್ದುಪಡಿ ಈ ಗೆರೆಯನ್ನು ಅಳಿಸಿತು.

ವಿದ್ವಾಂಸರಿಗೂ ಸಂಶಯವಿಲ್ಲದಿರಲಿಲ್ಲ. ಷಿಕಾಗೋ ವಿಶ್ವವಿದ್ಯಾನಿಲಯದ ಹಚಿನ್ಸ್, ಹಾರ್ವರ್ಡಿನ ಕೊನಾಂಟ್ ಮೊದಲಾದವರು ಈ ಪ್ರವಾಹದಿಂದ ಶಿಕ್ಷಣದ ಮಟ್ಟ ಕುಸಿಯುವುದೆಂದು ಹೆದರಿದರು. ಪರಿಣಾಮ ಬೇರೆಯೇ ಆಯಿತು. ಸುಮಾರು 22 ಲಕ್ಷ ಮಂದಿ ಈ ಶಾಸನದ ಆಶ್ರಯದಲ್ಲಿ ಕಾಲೇಜು ಸೇರಿದರು. 1947ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಮಾಜಿ ಸೈನಿಕರೇ ಆಗಿದ್ದರು. ಹೆಂಡತಿ ಮಕ್ಕಳೊಡನೆ ತಾತ್ಕಾಲಿಕ ಮನೆಗಳಲ್ಲಿ ವಾಸಮಾಡುತ್ತ ಓದಿದ ಇವರ ಶ್ರದ್ಧೆಯನ್ನು ಕಂಡು ಕೊನಾಂಟರೇ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. ಆದರೂ ವರ್ಣಭೇದ ಪ್ರಬಲವಾಗಿದ್ದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಸೈನಿಕರಿಗೆ ಬಿಳಿಯರ ಕಾಲೇಜುಗಳ ಬಾಗಿಲು ತೆರೆಯಲಿಲ್ಲ. ಅವರಿಗಾಗಿ ಇದ್ದ ಕೆಲವೇ ಕಾಲೇಜುಗಳಲ್ಲಿ ಸ್ಥಳವಿಲ್ಲದೆ ಅನೇಕರು ಹಿಂದಿರುಗಿದರು. ಅವರಲ್ಲಿ ಮನಸ್ಸಿಗೆ ಕೊರತೆಯಿತ್ತೆಂದು ಯಾರೂ ಹೇಳಲಾರರು.

ಅಮೆರಿಕದ ಶಾಸನವು ದೊಡ್ಡವರನ್ನು ಕಾಲೇಜಿಗೆ ಕರೆತಂದಿತು. ಬ್ರಿಟನ್ನಿನ ಪ್ರಯೋಗವು ಕಾಲೇಜನ್ನೇ ಅವರ ಮನೆಗೆ ಒಯ್ದಿತು. ಹೆರಾಲ್ಡ್ ವಿಲ್ಸನ್ನರು 1963ರಲ್ಲಿ ಗ್ಲಾಸ್ಗೋ ನಗರದಲ್ಲಿ ಸೂಚಿಸಿದ ಈ ಯೋಜನೆಯನ್ನು ಸಚಿವೆ ಜೆನ್ನಿ ಲೀಯವರು ಪಟ್ಟುಹಿಡಿದು ಸಾಧಿಸಿದರು. ಮುಕ್ತ ವಿಶ್ವವಿದ್ಯಾನಿಲಯಕ್ಕೆ 1969ರಲ್ಲಿ ರಾಜಸನ್ನದು ದೊರೆಯಿತು. 1971ರ ಜನವರಿಯಲ್ಲಿ ಸುಮಾರು 24 ಸಾವಿರ ವಿದ್ಯಾರ್ಥಿಗಳೊಡನೆ ಪಾಠಗಳು ಆರಂಭವಾದವು. ಪ್ರವೇಶಕ್ಕೆ ಹಿಂದಿನ ಪರೀಕ್ಷೆಗಳ ಪ್ರಮಾಣಪತ್ರ ಬೇಕಿರಲಿಲ್ಲ. ಆದರೆ ಬಾಗಿಲನ್ನು ತೆರೆದುದೊಂದೇ ಇದರ ವೈಶಿಷ್ಟ್ಯವಲ್ಲ. ಬಹುಕಾಲದ ಹಿಂದೆ ಓದು ಬಿಟ್ಟವರಿಗೆ ತಳಪಾಯದ ಪಾಠಕ್ರಮ, ಅಂಚೆಯ ಮೂಲಕ ಮುದ್ರಿತ ಪಾಠಗಳು, ಬಿ.ಬಿ.ಸಿ.ಯ ಪ್ರಸಾರಗಳು, ಉತ್ತರಗಳನ್ನು ತಿದ್ದಿ ಸಲಹೆ ಕೊಡುವ ಅಧ್ಯಾಪಕರು, ಬೇಸಗೆಯ ಶಿಬಿರಗಳು, ಇವೆಲ್ಲವೂ ಸೇರಿ ಕಲಿಕೆಗೆ ಊರುಗೋಲಾದವು.

ಮುಂದೆ ಇಂಗ್ಲೆಂಡಿನಲ್ಲಿ ಬೋಧನೆಗೆ ಸರ್ಕಾರ ಕೊಡುತ್ತಿದ್ದ ಧನಸಹಾಯವು 2012ರಲ್ಲಿ ಬಹುಮಟ್ಟಿಗೆ ನಿಂತು ಶುಲ್ಕಗಳು ಏರಿದವು. ಉದ್ಯೋಗದಲ್ಲಿದ್ದುಕೊಂಡು ಓದುವ ಅರೆಕಾಲಿಕ ವಿದ್ಯಾರ್ಥಿಗಳಾಗಿ ಹೊಸದಾಗಿ ಸೇರುವವರ ಸಂಖ್ಯೆ 2010ರಿಂದ 2015ರ ಒಳಗೆ ಅಲ್ಲಿ ಸುಮಾರು ಅರ್ಧಕ್ಕಿಳಿಯಿತು. ಶುಲ್ಕವೊಂದೇ ಇದಕ್ಕೆ ಕಾರಣವಲ್ಲದಿದ್ದರೂ, ಐದು ವರ್ಷಗಳಲ್ಲಿ ಒಂದು ಜನಾಂಗದ ಜ್ಞಾನದಾಹ ಅರ್ಧವಾಯಿತೆಂದು ಭಾವಿಸುವುದು ಯುಕ್ತವಾಗದು.

ನಮ್ಮ ನಾಡಿನ ಪ್ರಯೋಗವೂ ಇದೇ ಕಾಲದ್ದು. ಭಾರತದಲ್ಲಿ ಅಂಚೆಯ ಮೂಲಕ ಪದವಿ ಶಿಕ್ಷಣವನ್ನು ದೆಹಲಿ ವಿಶ್ವವಿದ್ಯಾನಿಲಯವು 1962ರಲ್ಲಿ ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ತನ್ನ ಅಂಚೆ ತೆರಪಿನ ಶಿಕ್ಷಣವನ್ನು ತೊಡಗಿತು. ಕೆಲಸ ಬಿಡಲಾರದ ಶಿಕ್ಷಕರು ಗುಮಾಸ್ತರಿಗೂ, ಮನೆವಾರ್ತೆಯ ಹೊಣೆ ಹೊತ್ತ ಗೃಹಿಣಿಯರಿಗೂ ಪದವಿಯ ದಾರಿ ಇದರಿಂದ ತೆರೆಯಿತು. ಈ ಸಂಸ್ಥೆಯೇ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಿತು. ಆದರೆ ಅದರ 2012-13ರ ನಂತರದ ಶಿಕ್ಷಣಕ್ರಮಗಳಿಗೆ ಮಾನ್ಯತೆಯಿಲ್ಲವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿ ದೊರೆತುದು 2018ರಲ್ಲಿ. ಹದಿನೆಂಟರ ತರುಣನಿಗೆ ಮೂರು ವರ್ಷ ನಷ್ಟವಾದರೆ ಮುಂದೆ ತುಂಬಿಕೊಳ್ಳಲು ಕಾಲವಿದೆ. ಸಂಸಾರದ ಖರ್ಚಿನಲ್ಲಿ ಉಳಿಸಿ ಶುಲ್ಕ ಕಟ್ಟಿದ ನಲವತ್ತರವರಿಗೆ ಆ ಅವಕಾಶ ಎಷ್ಟರಮಟ್ಟಿಗೆ ಉಳಿದಿರುತ್ತದೆ?

ಮೇಲ್ಕಂಡ ಸಂಗತಿಗಳಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ವಯಸ್ಸಾದವರು ಕಲಿಯಲಾರರೆಂಬ ಶಂಕೆಯು ಪರೀಕ್ಷೆಗೆ ಒಡ್ಡಿದಾಗ ನಿಲ್ಲಲಿಲ್ಲ, ಮರವೂ ಬಗ್ಗಿತು. ಆದರೆ ಅವರ ಕಲಿಕೆಯು ಅವರ ಮನಸ್ಸೊಂದರಿಂದಲೇ ಸಿದ್ಧಿಸಲೂ ಇಲ್ಲ. ಶುಲ್ಕ, ವೇಳೆ, ಅಧ್ಯಾಪಕರ ನೆರವು, ಪದವಿಯ ಮಾನ್ಯತೆ ಇವು ಸರಿಯಾಗಿದ್ದಾಗ ಅವರು ಬಂದರು. ಇವು ಕೆಟ್ಟಾಗ ನಷ್ಟವನ್ನು ಹೊತ್ತವರೂ ಅವರೇ. ತರಗತಿಯ ಹಿಂದಿನ ಸಾಲಿನಲ್ಲಿ ತಮಗಿಂತ ಹಿರಿಯ ವಿದ್ಯಾರ್ಥಿಯೊಬ್ಬರನ್ನು ಕಂಡಾಗ, ಇವರು ಕಲಿಯಬಲ್ಲರೇ ಎಂದು ಕೇಳಿಕೊಳ್ಳುವುದಕ್ಕಿಂತ, ಇವರಿಗೆ ಕಲಿಸಲು ನಾವು ಸಿದ್ಧರಾಗಿದ್ದೇವೆಯೇ ಎಂದು ಅಧ್ಯಾಪಕರಾದ ನಾವು ಕೇಳಿಕೊಳ್ಳುವುದು ಚರಿತ್ರೆಗೆ ಹೆಚ್ಚು ಸಮ್ಮತವಾದುದೆಂದು ನಮ್ಮ ಅಭಿಪ್ರಾಯ.