ಬಿರುಗಾಳಿಯ ಮುನ್ನೆಚ್ಚರಿಕೆ ಕೊಟ್ಟ ಕಪ್ತಾನ

ಜೀವವಿಕಾಸದ ಪಾಠದಲ್ಲಿ ಡಾರ್ವಿನ್ನನ ಹೆಸರು ಬರುತ್ತದೆ. ಆತ ಪ್ರಯಾಣ ಮಾಡಿದ ಬೀಗಲ್ ಹಡಗಿನ ಹೆಸರೂ ಮಕ್ಕಳಿಗೆ ಗೊತ್ತು. ಆದರೆ ಆ ಹಡಗನ್ನು ನಡೆಸಿದ ಕಪ್ತಾನ ಯಾರು?

ಆತನೇ ರಾಬರ್ಟ್ ಫಿಟ್ಜ್‌ರಾಯ್. 1805ರಲ್ಲಿ ಇಂಗ್ಲೆಂಡಿನ ಶ್ರೀಮಂತ ಮನೆತನವೊಂದರಲ್ಲಿ ಹುಟ್ಟಿದ. 12ನೇ ವಯಸ್ಸಿಗೇ ನೌಕಾ ಕಾಲೇಜು ಸೇರಿದ. 1828ರಲ್ಲಿ, 23ರ ಹರೆಯದಲ್ಲಿ, ಬೀಗಲ್ ಆತನ ಕೈಗೆ ಬಂತು. ದಕ್ಷಿಣ ಅಮೆರಿಕದ ಕರಾವಳಿಯ ನಕ್ಷೆ ಮಾಡುವುದು ಕೆಲಸ. 1831ರಿಂದ 1836ರ ತನಕದ ಯಾತ್ರೆಯಲ್ಲಿ ಡಾರ್ವಿನ್ ಜೊತೆಗಿದ್ದ.

1843ರಲ್ಲಿ ಫಿಟ್ಜ್‌ರಾಯ್ ನ್ಯೂಜಿಲೆಂಡಿನ ಗವರ್ನರ್ ಆದ. ಜಮೀನಿನ ಜಗಳವೊಂದರಲ್ಲಿ ತಪ್ಪು ಬಿಳಿಯರದ್ದು, ಮಾವೋರಿಗಳದ್ದಲ್ಲ ಎಂದು ಹೇಳಿ ತನ್ನವರ ಸಿಟ್ಟಿಗೆ ಗುರಿಯಾದ. 1845ರಲ್ಲಿ ಸರಕಾರ ಆತನನ್ನು ವಾಪಸು ಕರೆಸಿಕೊಂಡಿತು.

ಆತನ ನಿಜವಾದ ದೊಡ್ಡ ಕೆಲಸ ಶುರುವಾದದ್ದು ಆಮೇಲೆ. 1854ರಲ್ಲಿ ಬ್ರಿಟಿಷ್ ಸರಕಾರ ಹೊಸ ಹವಾಮಾನ ವಿಭಾಗವನ್ನು ಆತನಿಗೆ ವಹಿಸಿತು. 1859ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದಿಂದ ಮರಳುತ್ತಿದ್ದ ರಾಯಲ್ ಚಾರ್ಟರ್ ಹಡಗು ವೇಲ್ಸ್ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆಯಿತು. 400ಕ್ಕೂ ಹೆಚ್ಚು ಜನ ಸತ್ತರು. ಬಿರುಗಾಳಿ ಬರುವ ಸುದ್ದಿಯನ್ನು ತಂತಿಯ ಮೂಲಕ ಮೊದಲೇ ಬಂದರುಗಳಿಗೆ ಮುಟ್ಟಿಸಿದರೆ? ಫಿಟ್ಜ್‌ರಾಯ್ ಅದನ್ನು ಮಾಡಿಯೇ ತೋರಿಸಿದ. 1861ರಲ್ಲಿ ಎಚ್ಚರಿಕೆ ಆರಂಭವಾಯಿತು. ತಂತಿ ಬಂದ ಕೂಡಲೇ ಬಂದರಿನ ಕಂಬಕ್ಕೆ ಶಂಕುವಿನಾಕಾರದ ಗುರುತು ಏರಿಸುತ್ತಿದ್ದರು. ಓದು ಬಾರದ ಬೆಸ್ತನಿಗೂ ಅದು ಅರ್ಥವಾಗುತ್ತಿತ್ತು. ಅದೇ ವರ್ಷ ಆಗಸ್ಟ್ 1ರಂದು 'ದಿ ಟೈಮ್ಸ್' ಪತ್ರಿಕೆಯಲ್ಲಿ ಆತನ ಮೊದಲ ಹವಾಮಾನ ಮುನ್ಸೂಚನೆ ಅಚ್ಚಾಯಿತು.

ಆಗ ಉಪಗ್ರಹವಿಲ್ಲ, ಕಂಪ್ಯೂಟರ್ ಇಲ್ಲ. ಮುನ್ಸೂಚನೆ ಆಗಾಗ ತಪ್ಪುತ್ತಿತ್ತು. ಪತ್ರಿಕೆಗಳು ಗೇಲಿ ಮಾಡಿದವು, ವಿಜ್ಞಾನಿಗಳು ಹೀಗಳೆದರು. ಕೈಯಲ್ಲಿದ್ದ ಹಣವೂ ಕರಗಿತ್ತು, ಮನಸ್ಸೂ ಕುಗ್ಗಿತ್ತು. 1865ರ ಏಪ್ರಿಲ್ 30ರಂದು ಫಿಟ್ಜ್‌ರಾಯ್ ತಾನೇ ತನ್ನ ಜೀವನ ಮುಗಿಸಿಕೊಂಡ.

ಮರುವರ್ಷ ಒಂದು ಸಮಿತಿ ಆತನ ಪದ್ಧತಿಗೆ ವಿಜ್ಞಾನದ ಆಧಾರ ಸಾಲದು ಎಂದಿತು. ಬಿರುಗಾಳಿ ಎಚ್ಚರಿಕೆ ನಿಂತುಹೋಯಿತು. ಆಗ ದೂರು ಹೇಳಿದವರು ಯಾರು ಗೊತ್ತೇ? ಕಡಲನ್ನೇ ನಂಬಿ ಬದುಕುವವರು! 1867ರಲ್ಲಿ ಎಚ್ಚರಿಕೆಯನ್ನು ಮತ್ತೆ ಶುರುಮಾಡಬೇಕಾಯಿತು. 2002ರಲ್ಲಿ ಬ್ರಿಟನ್ನಿನ ಕಡಲ ಹವಾಮಾನ ವರದಿಯ ಒಂದು ಪ್ರದೇಶಕ್ಕೆ ಫಿಟ್ಜ್‌ರಾಯ್ ಎಂದೇ ಹೆಸರಿಟ್ಟರು.

ತಪ್ಪಿದ ಮುನ್ಸೂಚನೆಯನ್ನು ಎಲ್ಲರೂ ನೆನಪಿಡುತ್ತಾರೆ. ಎಚ್ಚರಿಕೆ ನೋಡಿ ದಡದಲ್ಲೇ ಉಳಿದು ಬದುಕಿದವರ ಲೆಕ್ಕ ಎಲ್ಲಿಯೂ ಸಿಗುವುದಿಲ್ಲ. ಈಗ ಮಳೆಗಾಲದಲ್ಲಿ ನಮ್ಮ ಕಾಸರಗೋಡಿನ ಮೀನುಗಾರರಿಗೆ "ಕಡಲಿಗೆ ಇಳಿಯಬೇಡಿ" ಎಂಬ ಸೂಚನೆ ಬರುತ್ತದಲ್ಲ, ಅಂಥ ಕೆಲಸಕ್ಕೆ ಮೊದಲು ಹೆಗಲು ಕೊಟ್ಟವರಲ್ಲಿ ಈ ಕಪ್ತಾನನೂ ಒಬ್ಬ. ಮುಂದಿನ ಬಾರಿ ಬೀಗಲ್ ಪಾಠ ಬಂದಾಗ ಆತನ ಹೆಸರನ್ನೂ ಮಕ್ಕಳಿಗೆ ಹೇಳೋಣ.