ಪ್ಯಾಪಿಲರಿ ಹೆಚ್ಚಿದ್ದು ಉಪ್ಪಿನಿಂದಲೇ? ಕರಾವಳಿಯ ಥೈರಾಯ್ಡ್ ಕ್ಯಾನ್ಸರ್ ಕುರಿತು ಒಂದು ತಕರಾರು

ಮಂಗಳೂರಿನ ಬಿಜೈ ಕೆಎಸ್ಆರ್‌ಟಿಸಿ ನಿಲ್ದಾಣದಲ್ಲಿ ಬೆಳಿಗ್ಗೆ ಇಳಿಯುವವರ ನಡುವೆ ಸ್ಕ್ಯಾನಿಂಗ್ ಕವರನ್ನು ಕಂಕುಳಲ್ಲಿ ಹಿಡಿದವರು ಇದ್ದೇ ಇರುತ್ತಾರೆ. ಹಲವರು ಚಿಕ್ಕಮಗಳೂರು, ಮಡಿಕೇರಿ ಕಡೆಯವರು. ಸಂಜೆಯ ಹೊತ್ತಿಗೆ ಅವರೆಲ್ಲ ಆಸ್ಪತ್ರೆಯ ದಾಖಲೆಯಲ್ಲಿ ‘ಮಂಗಳೂರಿನ ರೋಗಿ’ಗಳು.

ಥೈರಾಯ್ಡ್ ಕ್ಯಾನ್ಸರಿನ ಸ್ಥೂಲ ಚಿತ್ರದ ಬಗ್ಗೆ ಜಗಳವಿಲ್ಲ. ಹತ್ತರಲ್ಲಿ ಸುಮಾರು ಎಂಟು ಪ್ಯಾಪಿಲರಿ ಎಂಬ ಬಗೆಯವು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು. ಪ್ಯಾಪಿಲರಿ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹಬ್ಬಿದರೆ, ಫಾಲಿಕ್ಯುಲರ್ ಎಂಬ ಇನ್ನೊಂದು ಬಗೆ ರಕ್ತದ ದಾರಿ ಹಿಡಿದು ಮೂಳೆ, ಶ್ವಾಸಕೋಶ ಸೇರುತ್ತದೆ.

ತಕರಾರಿರುವುದು ಇವೆರಡರ ಅನುಪಾತದಲ್ಲಿ. ಅಯೋಡಿನ್ ಕೊರತೆಯಿರುವಲ್ಲಿ ಫಾಲಿಕ್ಯುಲರ್, ಸಾಕಷ್ಟಿರುವಲ್ಲಿ ಪ್ಯಾಪಿಲರಿ ಎಂಬ ಮಾತಿಗೆ ಸಂಶೋಧಕರಾದ ಹರಾಕ್ ಮತ್ತು ವಿಲಿಯಮ್ಸ್ 1995ರಲ್ಲಿ ಅರ್ಜೆಂಟೀನಾದ ಸಾಲ್ಟಾದ ಅಧ್ಯಯನದಿಂದ ಬಲ ತುಂಬಿದರು. ಭಾರತದಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ 1962ರಲ್ಲಿ ಆರಂಭವಾಯಿತು. ತಿನ್ನುವ ಉಪ್ಪಿಗೆಲ್ಲ ಅಯೋಡಿನ್ ಬೆರೆಸುವ ತೀರ್ಮಾನ 1980ರ ದಶಕದ್ದು. ಮೀನೂಟದ ಕರಾವಳಿಗೆ ಈ ವಿವರಣೆ ಸಲೀಸಾಗಿ ಒಗ್ಗುತ್ತದೆ. ತೀರಾ ಸಲೀಸಾಗಿ.

ಏಕೆಂದರೆ ಅದೇ ವರ್ಷಗಳಲ್ಲಿ ಸೂಕ್ಷ್ಮದರ್ಶಕದ ಹಿಂದಿನ ಕಣ್ಣೂ ಬದಲಾಯಿತು. ಗಡ್ಡೆಯ ಒಟ್ಟು ರಚನೆ ಪುಟ್ಟ ಕೋಶಕಗಳದ್ದಾಗಿದ್ದರೂ ಜೀವಕೋಶದ ನ್ಯೂಕ್ಲಿಯಸ್ ಬಿಳಿಚಿಕೊಂಡಿದ್ದರೆ ಅದು ಪ್ಯಾಪಿಲರಿಯೇ ಎಂದು ಲಿಂಡ್ಸೆ 1960ರಲ್ಲಿ, ಚೆನ್ ಮತ್ತು ರೋಸಾಯ್ 1977ರಲ್ಲಿ ವಾದಿಸಿದರು. ಅದು ಒಪ್ಪಿತವಾದ ಮೇಲೆ, ಹಿಂದೆ ಫಾಲಿಕ್ಯುಲರ್ ಎನಿಸಿಕೊಳ್ಳುತ್ತಿದ್ದ ಗಡ್ಡೆಗಳಲ್ಲಿ ಎಷ್ಟೋ ಪ್ಯಾಪಿಲರಿ ಪಟ್ಟಿಗೆ ಬಂದವು. 2016ರಲ್ಲಿ ಗಾಳಿ ತಿರುಗಿತು: ಸುತ್ತಲಿನ ಅಂಗಾಂಶಕ್ಕೆ ನುಗ್ಗದ, ಕವಚದೊಳಗೇ ಉಳಿದ ಇಂಥ ಗಡ್ಡೆಗಳ ಹೆಸರಿನಿಂದ ‘ಕ್ಯಾನ್ಸರ್’ ಪದವನ್ನೇ ಕಿತ್ತುಹಾಕಲಾಯಿತು.

ಹಾಗಾಗಿ ಇಲ್ಲಿನ ವಾದವಿಷ್ಟು: ಆಸ್ಪತ್ರೆಯ ಹಳೆಯ ವರದಿಗಳಲ್ಲಿ ಕಾಣುವ ಪ್ಯಾಪಿಲರಿ ಏರಿಕೆಯಲ್ಲಿ ಒಂದು ಪಾಲು, ಬಹುಶಃ ಸಣ್ಣದಲ್ಲದ ಪಾಲು, ಉಪ್ಪಿನದಲ್ಲ, ವರ್ಗೀಕರಣದ್ದು. ಉಪ್ಪಿನ ಪಾತ್ರವೇ ಇಲ್ಲವೆಂದಲ್ಲ. ಸಾಲ್ಟಾದ ಫಲಿತಾಂಶ ಸುಳ್ಳೆಂದೂ ಅಲ್ಲ. ಅದನ್ನು ಹಾಗೇ ಎತ್ತಿ ಮಂಗಳೂರಿಗೆ ತಂದಿಡಲಾಗದು. ಅಲ್ಟ್ರಾಸೌಂಡಿನ ಲೆಕ್ಕವೂ ಬೇರೆಯಿದೆ: ಅಂಥ ತಪಾಸಣೆ ಹೆಚ್ಚಿದ ದಕ್ಷಿಣ ಕೊರಿಯಾದಲ್ಲಿ 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 15 ಪಟ್ಟಾಯಿತು, ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು.

ವರ್ಗೀಕರಣದ ಈ ವಾದವನ್ನು ಪರೀಕ್ಷಿಸಲು ಹಳೆಯ ಗಡ್ಡೆಗಳ ಪ್ಯಾರಾಫಿನ್ ಬ್ಲಾಕುಗಳಿಂದ ಹೊಸ ಸ್ಲೈಡ್ ಮಾಡಿ, ಹಿಂದಿನ ವರದಿ ನೋಡದೆ ಒಬ್ಬರೇ ಓದಬೇಕು. ಜೊತೆಗೆ, ಅಯೋಡಿನ್ ಪಾಲನ್ನು ಬೇರ್ಪಡಿಸಲು ರೋಗಿಯ ತಾಲ್ಲೂಕು ತಿಳಿದಿರಬೇಕು. ತೊಡಕಿರುವುದು ಅಲ್ಲೇ. ಕೊಪ್ಪದಲ್ಲಿ ಬೆಳೆದು, ಮದುವೆಯಾಗಿ ಘಟ್ಟ ಇಳಿದು, ಇಪ್ಪತ್ತು ವರ್ಷ ಕರಾವಳಿಯ ಮೀನು ತಿಂದ ಹೆಂಗಸನ್ನು ಯಾವ ಕಡೆಯವಳೆಂದು ಬರೆದುಕೊಳ್ಳಬೇಕೆಂಬುದು ಇನ್ನೂ ತೀರ್ಮಾನವಾಗಬೇಕಿದೆ.