ವ್ಹರ್ಲಿ ಪ್ರೋಟೀನುಗಳು ಡಿಎನ್‌ಎಯ ಅಕ್ಷರಗಳನ್ನು ಓದುತ್ತವೆಯೇ?

ಆಲೂಗಡ್ಡೆ ಗಿಡಕ್ಕೆ ರೋಗಾಣು ತಗುಲಿದಾಗ ಚುರುಕಾಗುವ ವಂಶವಾಹಿಗಳಲ್ಲಿ ಪಿಆರ್-10ಎ ಒಂದು. ಅದರ ಪ್ರವರ್ತಕ ಭಾಗವನ್ನು ಹಿಡಿದು ಚಾಲನೆ ಕೊಡುವ ಪ್ರೋಟೀನನ್ನು ಮಾಂಟ್ರಿಯಲ್ ವಿಶ್ವವಿದ್ಯಾಲಯದ ಬ್ರಿಸನ್ ತಂಡ 2000ರಲ್ಲಿ ವರದಿ ಮಾಡಿತು. ಜೋಡಿ ಸುರುಳಿಗಿಂತ ಬಿಚ್ಚಿಕೊಂಡ ಒಂಟಿ ಎಳೆಯೇ ಅದಕ್ಕೆ ಬೇಕಾಗಿತ್ತು. ಅದರ 2002ರ ಸ್ಫಟಿಕ ರಚನೆಯಲ್ಲಿ ಸುಮಾರು 24 ಕಿಲೋಡಾಲ್ಟನ್ ತೂಕದ ನಾಲ್ಕು ಘಟಕಗಳು ಕೂಡಿ ಗಿರಿಗಿಟ್ಲೆಯಂತೆ ಕಂಡವು. ಈ ಪ್ರೋಟೀನಿನ ಕುಟುಂಬಕ್ಕಿರುವ ವ್ಹರ್ಲಿ ಎಂಬ ಹೆಸರಿಗೆ ಆ ಆಕಾರವೇ ಮೂಲ. ಅರಾಬಿಡಾಪ್ಸಿಸ್‌ನಲ್ಲಿ ಸ್ಯಾಲಿಸಿಲಿಕ್ ಆಮ್ಲದ ಮೂಲಕ ಹುಟ್ಟುವ ರೋಗನಿರೋಧಕ್ಕೂ ವ್ಹರ್ಲಿ-1 ಬೇಕೆಂದು 2004ರಲ್ಲಿ ಗೊತ್ತಾಯಿತು. ಅಲ್ಲಿಯವರೆಗೆ ಇದು ಕೋಶಕೇಂದ್ರದ ನಿಯಂತ್ರಕವೆಂಬ ಚಿತ್ರ ಸರಳವಾಗಿಯೇ ಇತ್ತು.

ಚಿತ್ರ ಕದಡಿದ್ದು ಈ ಪ್ರೋಟೀನುಗಳ ನೆಲೆ ತಿಳಿದಾಗ. ಅರಾಬಿಡಾಪ್ಸಿಸ್‌ನ ಮೂರು ವ್ಹರ್ಲಿಗಳಲ್ಲಿ 1 ಮತ್ತು 3 ಕ್ಲೋರೋಪ್ಲಾಸ್ಟ್‌ಗೂ 2 ಮೈಟೋಕಾಂಡ್ರಿಯಕ್ಕೂ ಸೇರುತ್ತವೆ. 1 ಮತ್ತು 3 ಎರಡೂ ಇಲ್ಲದ ಗಿಡಗಳಲ್ಲಿ ಕೆಲವಕ್ಕೆ ಎಲೆಯ ಮೇಲೆ ಬಿಳಿಚಿದ ಮಚ್ಚೆಗಳು ಮೂಡುತ್ತವೆ; ಕ್ಲೋರೋಪ್ಲಾಸ್ಟ್ ಡಿಎನ್‌ಎ ತುಂಡಾಗಿ, ಚಿಕ್ಕ ಪುನರಾವೃತ್ತ ಭಾಗಗಳಲ್ಲಿ ತಪ್ಪಾಗಿ ಬೆಸೆದುಕೊಂಡಿರುತ್ತದೆ ಎಂದು 2009ರ ಅಧ್ಯಯನ ತೋರಿಸಿತು. ಮರುವರ್ಷ ಆಲೂಗಡ್ಡೆಯ ವ್ಹರ್ಲಿ-2 ಡಿಎನ್‌ಎಯನ್ನು ಹಿಡಿದಿರುವ ರಚನೆಗಳೇ ದೊರೆತವು. ಬೇರೆ ಬೇರೆ ಅನುಕ್ರಮದ ಎಳೆಗಳು ಬೀಟಾ ಹಾಳೆಗಳ ಅಂಚಿನಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಕುಳಿತಿದ್ದವು. ಅಂದರೆ ಈ ಹಿಡಿತ ಅಕ್ಷರಗಳ ಸಾಲನ್ನು ಅಷ್ಟಾಗಿ ನೆಚ್ಚಿಲ್ಲ.

ಹಾಗಿದ್ದರೆ ಪಿಆರ್-10ಎಯನ್ನೇ ಆರಿಸುವುದು ಹೇಗೆ? ಅಡೆನಿನ್-ಥೈಮಿನ್ ಜೋಡಿಗಳು ದಟ್ಟವಾಗಿರುವ ಕಡೆ ಸುರುಳಿ ಬೇಗ ಬಿಚ್ಚಿಕೊಳ್ಳುತ್ತದೆ. ಆಯ್ಕೆ ನಡೆಯುವುದು ಪ್ರೋಟೀನಿನಲ್ಲಲ್ಲ, ಎಳೆ ಎಲ್ಲಿ ಯಾವಾಗ ತೆರೆದುಕೊಳ್ಳುತ್ತದೆ ಎಂಬುದರಲ್ಲಿ ಎಂಬುದು ಈ ಲೇಖನದ ವಾದ. ಇದನ್ನು ಪರೀಕ್ಷಿಸಬಹುದು: ಪರ್ಮ್ಯಾಂಗನೇಟ್ ಜೋಡಿ ಕಳಚಿದ ಥೈಮಿನ್‌ಗಳನ್ನು ಗುರುತಿಸುತ್ತದೆ. ಸೋಂಕಿನ ಮೊದಲು, ನಂತರ ಪ್ರವರ್ತಕದಲ್ಲಿ ಆ ಗುರುತುಗಳನ್ನೂ ವ್ಹರ್ಲಿಯ ಇರವನ್ನೂ ಒಟ್ಟಿಗೆ ಅಳೆದು, ಯಾವುದು ಮೊದಲೆಂದು ನೋಡಬೇಕು.

ಇನ್ನೊಂದು ತೊಡಕು ಇದಕ್ಕಿಂತ ಗಂಭೀರ. ಬಾರ್ಲಿಯಲ್ಲಿ ವ್ಹರ್ಲಿ-1 ಒಂದೇ ಕೋಶದ ಕ್ಲೋರೋಪ್ಲಾಸ್ಟ್‌ನಲ್ಲೂ ಕೋಶಕೇಂದ್ರದಲ್ಲೂ ಇರುತ್ತದೆ. ತಂಬಾಕಿನ ಕ್ಲೋರೋಪ್ಲಾಸ್ಟ್‌ನೊಳಗೇ ತಯಾರಾಗುವಂತೆ ಮಾಡಿದ ವ್ಹರ್ಲಿ-1 ಕೋಶಕೇಂದ್ರದಲ್ಲಿ ಪತ್ತೆಯಾದದ್ದು 2012ರಲ್ಲಿ ವರದಿಯಾಯಿತು. ವ್ಹರ್ಲಿ-1 ಕೆಟ್ಟ ಗಿಡದಲ್ಲಿ ರಕ್ಷಣಾ ವಂಶವಾಹಿ ಮಂಕಾದರೆ, ಅದು ಪ್ರವರ್ತಕದಲ್ಲಿ ಪ್ರೋಟೀನಿಲ್ಲದ್ದರಿಂದಲೋ, ನರಳುವ ಕ್ಲೋರೋಪ್ಲಾಸ್ಟ್ ಕಳಿಸಿದ ಸಂಕೇತದಿಂದಲೋ ಹೇಳಲಾಗದು. ಪ್ರೋಟೀನನ್ನು ಒಂದೊಂದೇ ನೆಲೆಗೆ ಸೀಮಿತಗೊಳಿಸಿದ ಗಿಡಗಳನ್ನು ಅಕ್ಕಪಕ್ಕ ಬೆಳೆಸಿ ಹೋಲಿಸದ ಹೊರತು, ವ್ಹರ್ಲಿಗಳನ್ನು ನೇರ ನಿಯಂತ್ರಕಗಳೆಂದು ಕರೆಯುವುದು ಅವಸರವಾದೀತು.